ಊಟದ ಮಧ್ಯೆ ಎದ್ದ ಬಕಾಸುರ

ಮಧ್ಯಾಹ್ನ ಎರಡರ ಹೊತ್ತಿಗೆ ಬಕಾಸುರನಿಗೆ ಬಡಿಸಲು ಶುರುಮಾಡುವುದೆಂದು ತೀರ್ಮಾನವಾಗಿತ್ತು. ಬೆಳಗಿನಿಂದಲೇ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ನೀರು ಕುಡಿಯಲೆಂದು ಲೋಟ ಎತ್ತುವುದು, ಕುಡಿಯದೆ ಹಾಗೇ ಇಡುವುದು, ಇದೇ ಆಗಿತ್ತು.

ಬಕಾಸುರನೆಂದರೆ ಊರಾಚೆಯ ಬಯಲಿನಲ್ಲಿ ಹೊಸದಾಗಿ ಎದ್ದಿರುವ, ಒಂದೂ ಕಿಟಕಿಯಿಲ್ಲದ ಬೂದುಬಣ್ಣದ ಕಟ್ಟಡ. ಒಳಗೆ ಇರುವುದೆಲ್ಲ ಕಂಪ್ಯೂಟರುಗಳೇ. ಸಾಲಿನ ಹಿಂದೆ ಸಾಲು, ಕಪಾಟಿನ ಪಕ್ಕ ಕಪಾಟು. ಅಲ್ಲಿ ಕೆಲಸ ಮಾಡುವವರು ಅದನ್ನು ಡೇಟಾ ಸೆಂಟರ್ ಎನ್ನುತ್ತಾರೆ. ನಮ್ಮ ಕಂಟ್ರೋಲ್ ರೂಮಿನಲ್ಲಿ ಅದಕ್ಕೆ ಬಕಾಸುರನೆಂದು ಹೆಸರಿಟ್ಟವಳು ನಾನೇ. ಬಂಡಿ ಬಂಡಿ ಅನ್ನ ಕಳಿಸಿದರೂ ಸಾಲದೆನ್ನುವವನಿಗೆ ಬೇರೆ ಯಾವ ಹೆಸರು ಒಪ್ಪೀತು? ನಮ್ಮ ಊರಿನ ಮನೆ, ಅಂಗಡಿ, ಆಸ್ಪತ್ರೆ, ಬೀದಿದೀಪ, ಮರದ ಮಿಲ್ಲು ಎಲ್ಲ ಸೇರಿ ಎಷ್ಟು ಕರೆಂಟು ತಿನ್ನುತ್ತವೋ ಅಷ್ಟನ್ನು ಆ ಒಂದೇ ಕಟ್ಟಡ ತಿನ್ನಬಲ್ಲದು. ಊರಿನೊಳಗೆ ಇನ್ನೊಂದು ಊರೇ ಬಂದು ಊಟಕ್ಕೆ ಕೂತಂತೆ.

ಆ ಊರೂಟದ ಮೇಲ್ವಿಚಾರಣೆ ನನ್ನದು. ನಾನು ವಿದ್ಯುತ್ ಹಂಚಿಕೆಯ ಕಂಟ್ರೋಲ್ ರೂಮಿನಲ್ಲಿ ಹಗಲು ಪಾಳಿಯ ಮುಖ್ಯಸ್ಥೆ. ಕೆಲಸ ಹೇಳುವುದಕ್ಕೆ ಸುಲಭ. ಕರೆಂಟನ್ನು ಕೊಡದಲ್ಲಿ ತುಂಬಿಡಲಾಗದು. ಬೇಯಿಸಿದ ಗಳಿಗೆಯಲ್ಲೇ ಉಣ್ಣುವವರಿರಬೇಕು, ಉಣ್ಣುವವರು ಕೈಚಾಚಿದ ಗಳಿಗೆಯಲ್ಲೇ ಬೇಯಿಸಿರಬೇಕು. ಎರಡೂ ಸರಿದೂಗುತ್ತಿವೆಯೋ ಇಲ್ಲವೋ ಎಂಬುದನ್ನು ನಮ್ಮ ಗೋಡೆಯ ಮೇಲೆ ಉರಿಯುವ ಕೆಂಪು ಅಂಕಿ ಹೇಳುತ್ತದೆ. ಅದು ಕರೆಂಟಿನ ಆವರ್ತನ, ಸರಿಯಾಗಿ ಐವತ್ತರಲ್ಲಿ ನಿಂತಿರಬೇಕು. ಕೆಳಗಿಳಿದರೆ ಉಣ್ಣುವವರು ಹೆಚ್ಚು, ಮೇಲೇರಿದರೆ ಅಡುಗೆ ಹೆಚ್ಚು. ತೀರಾ ಇಳಿದರೂ ಕತ್ತಲೆ, ತೀರಾ ಏರಿದರೂ ಕತ್ತಲೆ. ಕಿಟಕಿಯ ಕೆಳಗಿನ ಅಂಗಳದಲ್ಲಿ ಟ್ರಾನ್ಸ್‌ಫಾರ್ಮರುಗಳು ಸದಾ ಗುಂಯ್ ಎನ್ನುತ್ತಿರುತ್ತವೆ. ಹೊಸದಾಗಿ ಸೇರಿದವರಿಗೆ ಅದು ತಲೆನೋವು. ನನಗೆ ಅದು ಯಾರೋ ಹಿಂದೆ ಕೂತು ತಂಬೂರಿ ಮೀಟುತ್ತಿದ್ದಂತೆ. ಅದರ ಶ್ರುತಿ ಸರಿಯಿದ್ದರೆ ಊರು ಸರಿಯಿದೆ.

ಬಕಾಸುರನನ್ನು ಸಾಕುವವರು ನನ್ನ ಭಾವ. ಅಕ್ಕನ ಗಂಡ. ಈ ಯಂತ್ರಗಳ ಬೆನ್ನು ಹತ್ತಿ ಊರಿಂದ ಊರಿಗೆ ಅಲೆದವರು, ಅವರ ಬೆನ್ನಿಗೆ ಅಕ್ಕ. ನನಗೆ ಜಡೆ ಹಾಕಿದವಳು, ಅಕ್ಷರ ತಿದ್ದಿಸಿದವಳು, ಜ್ವರ ಬಂದಾಗ ರಾತ್ರಿಯಿಡೀ ಹಣೆ ಮುಟ್ಟಿ ನೋಡಿದವಳು, ಮದುವೆಯಾದ ಮೇಲೆ ಫೋನಿನೊಳಗಿನ ದನಿ ಮಾತ್ರವಾಗಿಬಿಟ್ಟಿದ್ದಳು. ಕಳೆದ ವರ್ಷ ದೇವರ ದಯೆಯಿಂದ ಭಾವನ ಕಂಪನಿಯವರು ನಮ್ಮ ಊರಿನ ಬಯಲನ್ನೇ ಆರಿಸಿಕೊಂಡರು. ಈಗ ಅಕ್ಕನ ಮನೆ ನನ್ನ ಮನೆಯ ಹಿಂದಿನ ಬೀದಿಯಲ್ಲಿ. ಹಿತ್ತಲಿನಿಂದ ಕೂಗಿದರೆ ಹಿತ್ತಲಿಗೆ ಕೇಳುತ್ತದೆ.

ಕಟ್ಟಡ ಮುಗಿದಾಗ ಭಾವ ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿದ್ದರು. ಸಾಲುಗಳ ಮುಂದೆ ನಿಂತರೆ ಹಲ್ಲು ಕಟಕಟಿಸುವ ಚಳಿ, ಹಿಂದೆ ಹೋದರೆ ಬಚ್ಚಲೊಲೆಯ ಬಾಯಿಯಂಥ ಬಿಸಿಗಾಳಿ. ಮಾತು ಕೇಳಿಸದಷ್ಟು ಫ್ಯಾನುಗಳ ಮೊರೆತ.

"ಇಷ್ಟು ಕರೆಂಟು ತಿಂದು ಇವೆಲ್ಲ ಏನ್ರೀ ಮಾಡ್ತವೆ?" ಅಕ್ಕ ಕಿರುಚಿ ಕೇಳಿದಳು.

"ಯೋಚನೆ ಮಾಡ್ತವೆ ಕಣೇ! ಜನ ಕೇಳಿದ ಪ್ರಶ್ನೆಗೆಲ್ಲ ಉತ್ತರ ಹುಡುಕ್ತವೆ. ಪತ್ರ ಬರ್ಕೊಡು ಅಂತಾರೆ, ಚಿತ್ರ ಬಿಡಿಸು ಅಂತಾರೆ, ಲೆಕ್ಕ ಮಾಡು ಅಂತಾರೆ."

"ನಾನೂ ಬೆಳಗಿಂದ ರಾತ್ರಿವರೆಗೆ ಯೋಚನೆ ಮಾಡ್ತೀನಿ. ನನಗೆ ಎರಡು ತುತ್ತು ಸಾಕಾಗತ್ತಲ್ಲ?"

"ನಿನ್ನದು ಯೋಚನೆ ಅಲ್ಲ, ನನ್ನ ಮೇಲಿನ ದೂರು. ಅದಕ್ಕೆ ಕರೆಂಟು ಬೇಡ."

"ತಿಂದಿದ್ದೆಲ್ಲ ಎಲ್ಲಿಗೆ ಹೋಗತ್ತೆ ಭಾವ?" ನಾನು ಕೇಳಿದೆ. ನನಗೆ ಗೊತ್ತಿತ್ತು, ಆದರೂ ಅವರ ಬಾಯಿಂದ ಕೇಳುವ ಆಸೆ.

"ಎಲ್ಲಾ ಬಿಸಿ ಆಗತ್ತೆ ಅಷ್ಟೆ. ಒಂದು ತೊಟ್ಟೂ ಬಿಡದ ಹಾಗೆ. ಆ ಬಿಸೀನ ಆಚೆ ದಬ್ಬೋಕೆ ಮತ್ತಷ್ಟು ಕರೆಂಟು. ತಿನ್ನೋಕೂ ಖರ್ಚು, ಬೆವರು ಒರೆಸೋಕೂ ಖರ್ಚು."

ಇಂಥವನಿಗೆ ಪೂರ್ತಿ ಬಡಿಸಿ ನೋಡುವ ಪರೀಕ್ಷೆ ಆಗಲೇ ಎರಡು ಸಲ ನಡೆದು ಎರಡು ಸಲವೂ ಕೆಟ್ಟಿತ್ತು. ಮೊದಲ ಸಲ ಅವನು ಗಬಕ್ಕನೆ ಬಾಯಿ ಹಾಕಿದ ರಭಸಕ್ಕೆ ಮರದ ಮಿಲ್ಲಿನ ಗರಗಸ ದಿಮ್ಮಿಯ ನಡುವೆ ಸಿಕ್ಕಿಕೊಂಡಿತು. ಎರಡನೇ ಸಲ ಇಡೀ ಊರು ಕತ್ತಲು. ಕ್ಷೌರದಂಗಡಿಯಿಂದ ಅರ್ಧ ಗಡ್ಡದಲ್ಲೇ ಎದ್ದು ಬಂದ ಒಬ್ಬರು ನಮ್ಮ ಬಾಗಿಲಲ್ಲಿ ನಿಂತು, ಇನ್ನರ್ಧ ಯಾರು ತೆಗೀತೀರಿ ಎಂದು ಸವಾಲು ಹಾಕಿದರು.

ಇವತ್ತಿನದು ಮೂರನೆಯದು, ಕೊನೆಯದು. ಪೂರ್ತಿ ಹೊರೆಯನ್ನು ಒಂದು ಗಂಟೆ ಹೊತ್ತು ತೋರಿಸಬೇಕು, ಊರಿನ ದೀಪ ಆರಬಾರದು. ಸೋತರೆ ಅನುಮತಿ ರದ್ದು. ಯಂತ್ರಗಳನ್ನು ಬಿಚ್ಚಿ ಲಾರಿಗೆ ಹೇರುತ್ತಾರೆ. ಯಂತ್ರದ ಹಿಂದೆ ಭಾವ ಹೋಗುತ್ತಾರೆ, ಭಾವನ ಹಿಂದೆ ಅಕ್ಕ. ಮತ್ತೆ ಅಕ್ಕ ಫೋನಿನೊಳಗಿನ ದನಿಯಾಗುತ್ತಾಳೆ. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಂದು ಬೆಳಿಗ್ಗೆ ಅಕ್ಕ ಹಿತ್ತಲ ಗೋಡೆಯಾಚೆಯಿಂದ ಏನೂ ಮಾತಾಡದೆ ನನ್ನನ್ನೇ ನೋಡಿ ಒಳಗೆ ಹೋಗಿದ್ದಳು.

ಮೇಲಿನ ಕಚೇರಿಯಿಂದ ತಪಾಸಣೆಗೆಂದು ಒಬ್ಬ ಮೇಡಂ ಬಂದಿದ್ದರು. ನರೆತ ಕೂದಲು, ಕಡಿಮೆ ಮಾತು. ಕುರ್ಚಿ ಕೊಟ್ಟರೂ ಕೂರದೆ, ನನ್ನ ಬೆನ್ನ ಹಿಂದೆ ಕೈಕಟ್ಟಿ ನಿಂತರು. ಮೇಜಿನ ಮೇಲೆ ಎರಡು ಫೋನುಗಳ ಸ್ಪೀಕರ್ ತೆರೆದಿತ್ತು. ಒಂದರಲ್ಲಿ ಭಾವ. ಇನ್ನೊಂದರಲ್ಲಿ ಗುಡ್ಡದ ಆಚೆಯ ಅಣೆಕಟ್ಟಿನ ವಿದ್ಯುದಾಗಾರದವರು. ಊರಿಗೆಲ್ಲ ಅವರದೊಂದೇ ಅಡುಗೆಮನೆ. ನೀರು ಬಿಟ್ಟು ಯಂತ್ರ ತಿರುಗಿಸುವ ಅವರನ್ನು ನಾವು ಕರೆಯುವುದು ಭಗೀರಥ ಎಂದೇ.

ಊರಿನವರ ಫೋನುಗಳಿಗೆಲ್ಲ ಬೆಳಿಗ್ಗೆಯೇ ಸಂದೇಶ ಕಳಿಸಿದ್ದೆ: ಪರೀಕ್ಷೆ ಮುಗಿಯುವವರೆಗೆ ಹೀಟರು, ಇಸ್ತ್ರಿಪೆಟ್ಟಿಗೆ, ಮೋಟಾರು ಯಾವುದೂ ಬೇಡ, ದಯವಿಟ್ಟು ಸಹಕರಿಸಿ. ನೀರು ಸರಬರಾಜಿನ ಪಂಪುಗಳನ್ನು ನಾನೇ ಇಲ್ಲಿಂದ ನಿಲ್ಲಿಸಿದ್ದೆ. ಬರುವವನು ಬರಲಿ, ಹೊಟ್ಟೆ ಬಿರಿಯುವಷ್ಟು ಬಡಿಸೋಣ ಎಂದು ಇಡೀ ಊರು ಉಪವಾಸ ಕೂತಿತ್ತು.

"ಶುರು ಮಾಡಲಾ ನಾದಿನಿ?" ಭಾವನ ದನಿ.

"ಮಾಡಿ ಭಾವ. ನಿಧಾನ. ನಿಮ್ಮ ಬಕಾಸುರನಿಗೆ ಅಗಿದು ನುಂಗೋಕೆ ಹೇಳಿ."

"ಅವನು ನಮ್ಮ ಮನೆಯವನು, ನಿನ್ನ ಹಾಗೆ ಗಬಗಬ ತಿನ್ನಲ್ಲ."

ಮೇಡಂ ಕೆಮ್ಮಿದರು. ನಾನು ನಾಲಿಗೆ ಕಚ್ಚಿಕೊಂಡೆ.

ಸಾಲು ಸಾಲಾಗಿ ಕಂಪ್ಯೂಟರುಗಳಿಗೆ ಭಾರಿ ಲೆಕ್ಕಗಳನ್ನು ಕೊಡುತ್ತಾ ಹೋದರು ಭಾವ. ಒಂದೊಂದು ಸಾಲು ಎಚ್ಚರವಾದಾಗಲೂ ನಮ್ಮ ಪರದೆಯ ಗೆರೆ ಒಂದು ಮೆಟ್ಟಿಲು ಏರುತ್ತಿತ್ತು. ಅದು ಏರಿದಷ್ಟೂ ಭಗೀರಥರು ನೀರು ಹೆಚ್ಚಿಸುತ್ತಿದ್ದರು. "ಇನ್ನಷ್ಟು ಬಿಟ್ಟೆ ತಾಯಿ. ಇನ್ನಷ್ಟು ಬಿಟ್ಟೆ." ಕೆಂಪು ಅಂಕಿ ಒಮ್ಮೆ ನಲವತ್ತೊಂಬತ್ತರ ಕಡೆಗೆ ಬಾಗುತ್ತಿತ್ತು, ಮತ್ತೆ ಸಾವರಿಸಿಕೊಂಡು ಐವತ್ತಕ್ಕೆ ಬರುತ್ತಿತ್ತು. ಅರ್ಧ ಊಟ. ಮುಕ್ಕಾಲು. ನನ್ನ ಎದೆಯೊಳಗೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು.

"ಕೊನೇ ಸಾಲೂ ಎದ್ದಿತು!" ಭಾವ ಕೂಗಿದರು. "ಪೂರ್ತಿ! ಪೂರ್ತಿ ತಗೊಂಡ!"

ಐವತ್ತು. ಕದಲದ ಐವತ್ತು. ಕೆಳಗಿನ ಅಂಗಳದ ತಂಬೂರಿ ಹೊಟ್ಟೆದುಂಬಿ ಮೊಳಗುತ್ತಿತ್ತು. ಅಷ್ಟು ಭಾರದ, ಅಷ್ಟು ಸ್ಥಿರವಾದ ನಾದವನ್ನು ಅಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಮನಸ್ಸಿನಲ್ಲೇ ಕೈಮುಗಿದೆ. ಮೇಡಂ ಗಡಿಯಾರ ನೋಡಿದರು. ಗಂಟೆ ಶುರುವಾಯಿತು.

ಕಾಲು ಗಂಟೆ ಕಳೆದಿರಬಹುದು. ತಲೆಯ ಮೇಲಿನ ದೀಪ ಒಮ್ಮೆ ಕಣ್ಣು ಮಿಟುಕಿಸಿತು.

"ಏನದು?" ಎಂದರು ಮೇಡಂ.

"ಏನಿಲ್ಲ," ಭಗೀರಥರೇ ಉತ್ತರ ಕೊಟ್ಟರು. "ಗುಡ್ಡದ ಮೇಲೆ ಗಾಳಿ ಎದ್ದಿದೆ. ಮರದ ಕೊಂಬೆಯೊಂದು ತಂತಿಗೆ ಸವರ್ತಾ ಇದೆ. ಲೈನು ತಾನಾಗಿ ಬಿಟ್ಟು ತಾನಾಗಿ ಹಿಡ್ಕೊಳ್ಳತ್ತೆ, ಎಂದಿನ ಹಾಗೆ. ಗಾಬರಿ ಬೇಡ."

ಮತ್ತೊಂದು ಮಿಟುಕು. ಊರಿನಲ್ಲಿ ಯಾರೂ ತಲೆಯೆತ್ತಿ ನೋಡುವಷ್ಟು ದೊಡ್ಡದಲ್ಲ. ಆಮೇಲೆ ಇನ್ನೊಂದು.

ಮೊದಲು ಗೊತ್ತಾದದ್ದು ನನ್ನ ಕಿವಿಗೆ. ಅಂಗಳದ ನಾದ ತಟ್ಟನೆ ತೆಳ್ಳಗಾಗಿ, ಶ್ರುತಿ ಮೇಲಕ್ಕೆ ಜಾರಿತು. ಹೊರೆ ಹೊತ್ತವಳು ಹೊರೆ ಇಳಿಸಿ ನಿಟ್ಟುಸಿರು ಬಿಟ್ಟ ಹಾಗೆ. ತಲೆಯೆತ್ತಿ ನೋಡಿದರೆ ಪರದೆಯ ಗೆರೆ ಬಂಡೆಯಂಚಿನಿಂದ ಬಿದ್ದಂತೆ ನೆಲಕ್ಕೆ ಬಿದ್ದಿದೆ. ಕೆಂಪು ಅಂಕಿ ಐವತ್ತನ್ನು ಬಿಟ್ಟು ಮೇಲೆ ಹೊರಟಿದೆ.

"ಭಾವ! ಎಲ್ಲಿ ನಿಮ್ಮ ಬಕಾಸುರ?"

"ಇಲ್ಲೇ ಇದ್ದಾನಲ್ಲ! ಎಲ್ಲಾ ಸಾಲೂ ಓಡ್ತಾ ಇವೆ."

"ಓಡ್ತಾ ಇವೆ, ಸರಿ. ಏನು ತಿಂದು ಓಡ್ತಾ ಇವೆ? ನಾನು ಬಡಿಸಿದ್ದು ಹಾಗೇ ಬಿದ್ದಿದೆ!"

ಕೀಲಿಗಳನ್ನು ಟಕಟಕ ಒತ್ತಿದ ಸದ್ದು. ಆಮೇಲೆ ಬಂದ ದನಿ ಬೇರೆಯೇ ಭಾವನದು. "ಬ್ಯಾಟರಿಗೆ ಹೋಗಿದ್ದಾನೆ. ಅಯ್ಯೋ. ನಾನೇ ಇಟ್ಟಿದ್ದು ಅದು. ಮೂರು ಸಲ ದೀಪ ಮಿಟುಕಿದ್ರೆ ಲೈನಿನವರಿಗೆ ಕಷ್ಟ ಆಗಿದೆ ಅಂತ ತಿಳ್ಕೊಂಡು, ಲೈನು ಬಿಟ್ಟು ನಮ್ಮ ಬ್ಯಾಟರಿ ಹಿಡಿ ಅಂತ. ನಿನ್ನೆ ಸಂಜೆ ಇಟ್ಟೆ."

"ಯಾಕಿಟ್ರಿ ಭಾವ?"

"ನಿನಗೆ ಭಾರ ಆಗಬಾರದು ಅಂತ ಕಣಮ್ಮ! ಹೋದ ಸಲ ನಮ್ಮಿಂದ ಊರೆಲ್ಲಾ ಕತ್ತಲಾಗಿ ನೀನು ಎಷ್ಟು ಬೈಸಿಕೊಂಡೆ. ಈ ಸಲ ಸ್ವಲ್ಪ ತೊಂದರೆ ಕಂಡ್ರೂ ನಾವೇ ಸರಿದುಕೊಳ್ಳೋಣ ಅಂತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೆಂಟ ಊಟಕ್ಕೆ ಕೂತಿದ್ದಾನೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಪಾಪ, ಇವರಿಗೆ ಸಾಲದೆ ಬಂದಿರಬೇಕು ಎಂದು ಅರ್ಧದಲ್ಲೇ ಕೈತೊಳೆದು ಎದ್ದಿದ್ದಾನೆ. ಮರ್ಯಾದಸ್ಥ ಬಕಾಸುರ! ಅವನು ಎಷ್ಟು ತಿಂದಾನು ಎಂದು ಆರು ತಿಂಗಳಿಂದ ಲೆಕ್ಕ ಹಾಕಿದ್ದೆವು. ಎದ್ದುಬಿಟ್ಟರೆ ಏನು ಎಂದು ಯಾರಿಗೂ ಹೊಳೆದಿರಲಿಲ್ಲ. ಎರಡು ಊರಿಗಾಗುವಷ್ಟು ಅಡುಗೆ ಕುದಿಯುತ್ತಿದೆ, ಉಣ್ಣುವ ಊರು ಒಂದೇ. ಆ ಊರನ್ನೂ ನಾನೇ ಉಪವಾಸ ಕೂರಿಸಿದ್ದೇನೆ.

ಅಂಕಿ ಐವತ್ತೊಂದರ ಹತ್ತಿರ. ಐವತ್ತೆರಡಾದರೆ ಭಗೀರಥರ ಯಂತ್ರಗಳು ತಮ್ಮ ಪ್ರಾಣ ಉಳಿಸಿಕೊಳ್ಳಲು ತಾವೇ ನಿಂತುಬಿಡುತ್ತವೆ. ಆಮೇಲೆ ಊರಿಗೆ ದೀಪವಿಲ್ಲ, ನನಗೆ ಅಕ್ಕನಿಲ್ಲ.

"ನೀರು ಕಡಿಮೆ ಮಾಡಿ! ಬೇಗ!"

"ಮಾಡ್ತಾ ಇದೀನಿ ತಾಯಿ. ಅದು ಕುದುರೆ ಅಲ್ಲ, ಲಗಾಮು ಎಳೆದ ಕೂಡಲೆ ನಿಲ್ಲೋಕೆ. ಗುಡ್ಡದ ಮೇಲಿಂದ ಬರ್ತಾ ಇರೋ ನೀರನ್ನ ಗಕ್ಕನೆ ತಡೆದ್ರೆ ಪೈಪು ಸೀಳಿ ಹೋಗತ್ತೆ. ನಿಧಾನಕ್ಕೇ ಆಗಬೇಕು. ಅಲ್ಲೀತನಕ ಯಾರಾದ್ರೂ ತಿನ್ನೋರನ್ನ ನೋಡು!"

ತಿನ್ನುವವರು! ನನ್ನ ಕೈ ಯೋಚನೆಗಿಂತ ಮುಂದೆ ಓಡಿತು. ನೀರು ಸರಬರಾಜಿನ ಪಂಪುಗಳು: ಮೊದಲನೆಯದು, ಎರಡನೆಯದು, ದುರಸ್ತಿಯಾಗಿ ಸುಮ್ಮನೆ ಕೂತಿದ್ದದ್ದು ಸಹ. ಒಂದೊಂದೂ ಎಚ್ಚರವಾದಾಗ ಪರದೆಯ ಗೆರೆ ಒಂದಿಷ್ಟು ಮೇಲೇಳುತ್ತಿತ್ತು. ಪಂಪುಮನೆಗೆ ಫೋನು ಮಾಡಿ, ಅಲ್ಲಿನವರು ಬಾಯಿ ತೆರೆಯುವ ಮೊದಲೇ "ತೊಟ್ಟಿ ತುಂಬಿ ಹರಿದ್ರೂ ಪರವಾಗಿಲ್ಲ, ನಿಲ್ಲಿಸಬೇಡಿ" ಎಂದೆ. ಬೀದಿದೀಪಗಳನ್ನೆಲ್ಲ ಉರಿಸಿದೆ. ಹಾಡುಹಗಲಿನಲ್ಲಿ ಊರು ದೀಪ ಹೊತ್ತುಕೊಂಡು ನಿಂತಿತು. ಆಮೇಲೆ ಎಲ್ಲರ ಫೋನಿಗೂ ಸಂದೇಶ: "ಎಲ್ಲ ಸ್ವಿಚ್ ಹಾಕಿ. ಹೀಟರು, ಇಸ್ತ್ರಿ, ಮೋಟಾರು, ಏನಿದೆಯೋ ಎಲ್ಲ. ಈಗಲೇ. ದಯವಿಟ್ಟು."

ಕಳಿಸಿ ಉಸಿರು ತೆಗೆಯುವಷ್ಟರಲ್ಲಿ ನನ್ನ ಸ್ವಂತ ಫೋನು ಹೊಡೆದುಕೊಂಡಿತು. ಅಕ್ಕ.

"ಏನೇ ಇದು? ಬೆಳಿಗ್ಗೆ ಆರಿಸು ಅಂತೀಯ, ಈಗ ಹಾಕು ಅಂತೀಯ. ಯಾರಾದ್ರೂ ನಿನ್ನ ಹೆಸರಲ್ಲಿ ತಮಾಷೆ ಮಾಡ್ತಿದ್ದಾರಾ?"

"ನಾನೇ ಅಕ್ಕ! ಹಾಕು! ಎಲ್ಲಾ ಹಾಕು!"

"ಬಚ್ಚಲ ಹೀಟರಾ?"

"ಹೂಂ!"

"ಇಸ್ತ್ರಿಗೆ ಬಟ್ಟೆನೇ ಇಲ್ವಲ್ಲೇ."

"ಬಟ್ಟೆ ಬೇಡ, ಬಿಸಿ ಆಗ್ಲಿ ಸಾಕು! ಪಕ್ಕದ ಮನೆಯವರಿಗೂ ಹೇಳು!"

"ಅವರ ಜೊತೆ ನಾನು ಮಾತಾಡಲ್ಲ, ನಿನಗೆ ಗೊತ್ತು."

"ಇವತ್ತು ಮಾತಾಡೇ, ನಿನ್ನ ಕಾಲಿಗೆ ಬೀಳ್ತೀನಿ!"

ಫೋನು ಇಡದೆಯೇ ಹೊರಗೋಡಿದಳು. ಹಿತ್ತಲ ಗೋಡೆಯ ಮೇಲಿಂದ ಅವಳು ಇಡೀ ಬೀದಿಯನ್ನೇ ಕರೆದು ಕೂಗುತ್ತಿದ್ದುದು ಫೋನಿನೊಳಗೆ ಸಣ್ಣಗೆ ಕೇಳುತ್ತಿತ್ತು: "ಹಾಕ್ರೀ ಎಲ್ಲಾರೂ! ನನ್ನ ತಂಗಿ ಹೇಳಿದಾಳೆ! ಹಾಕ್ರೀ!"

ಐವತ್ತೊಂದು ದಾಟಿದ ಅಂಕಿ ಐವತ್ತೊಂದೂವರೆಯ ಕಡೆ ತೆವಳಿತು. ಅಲ್ಲಿ ತಡವರಿಸಿತು. ಊರು ತಿನ್ನತೊಡಗಿತ್ತು. ಕಾಣದ ಸಾವಿರ ಕೈಗಳು ಸಾವಿರ ಸ್ವಿಚ್ಚು ಒತ್ತುತ್ತಿದ್ದವು. ಬೆಳಗಿನಿಂದ ಹೇಳಿದ ಮಾತು ಕೇಳಿ ಸುಮ್ಮನಿದ್ದ ಊರು ಈಗಲೂ ಮಾತು ಕೇಳುತ್ತಿತ್ತು. ಇತ್ತ ಭಗೀರಥರ ನೀರೂ ತಗ್ಗುತ್ತಿತ್ತು. ಐವತ್ತೊಂದು. ಇನ್ನೂ ಕೆಳಗೆ. ಅಂಗಳದ ಶ್ರುತಿ ಇಳಿದಿಳಿದು ಬಂದು ತನ್ನ ಜಾಗದ ಮೇಲೆ ಕೂತಾಗ ನನ್ನ ಕಣ್ಣು ತಾನಾಗಿ ಮುಚ್ಚಿತು.

"ಕಣ್ಣು ಮುಚ್ಚಬೇಡಿ," ಮೇಡಂ ಹಿಂದಿನಿಂದ ಹೇಳಿದರು. "ಅವನು ವಾಪಸ್ ಬರಲ್ವಾ?"

ಬಂದೇ ಬರುತ್ತಾನೆ. ಬ್ಯಾಟರಿ ಎಂಬುದು ಬುತ್ತಿ. ಎಷ್ಟು ಹೊತ್ತು ಬಂದೀತು?

"ಭಾವ, ಅವನು ಲೈನಿಗೆ ಯಾವಾಗ ವಾಪಸ್ ಬರ್ತಾನೆ?"

"ದೀಪ ಸ್ವಲ್ಪ ಹೊತ್ತು ಮಿಟುಕದೇ ಇದ್ರೆ ತಾನೇ ಬರ್ತಾನೆ. ಇನ್ನೇನು ಬಂದ."

"ಹೇಗೆ? ಸಾಲು ಸಾಲಾಗಾ?"

"ಇಲ್ಲ. ಒಂದೇ ಸಲ."

ನೀರು ಅರ್ಧ ಇಳಿದಿದೆ, ಊರೆಲ್ಲ ಹೀಟರು ಹಾಕಿಕೊಂಡು ಕೂತಿದೆ. ಈಗ ಅವನು ಒಮ್ಮೆಲೇ ಬಂದು ಕೂತರೆ ಎರಡನೇ ಪರೀಕ್ಷೆಯ ಕತ್ತಲೆಗಿಂತ ದೊಡ್ಡ ಕತ್ತಲೆ.

"ಭಾವ, ತಾನೇ ಬರೋದನ್ನ ತೆಗೀರಿ. ಕೈಯಲ್ಲಿ ತನ್ನಿ. ನಾನು ಹೂಂ ಅಂದಾಗ ಒಂದು ಸಾಲು. ಮತ್ತೆ ಹೂಂ ಅನ್ನೋ ತನಕ ಇನ್ನೊಂದಿಲ್ಲ."

"ಪ್ರತಿ ಸಾಲಿನ ಸ್ವಿಚ್ಚೂ ಆ ಸಾಲಿನ ತುದೀಲಿದೆ ಕಣಮ್ಮ. ಓಡಬೇಕು!"

"ಓಡಿ ಭಾವ! ಹೊಟ್ಟೆ ಕರಗಲಿ ಅಂತ ಅಕ್ಕ ಯಾವಾಗ್ಲೂ ಹೇಳ್ತಾಳಲ್ಲ!"

ಓಡಿದರು. ಫೋನನ್ನು ಜೇಬಿನಲ್ಲಿಟ್ಟುಕೊಂಡೇ ಓಡಿದರು. ಬೂಟಿನ ಧಡಧಡ, ಏದುಸಿರು, ಫ್ಯಾನುಗಳ ಮೊರೆತ, ಅದರ ನಡುವೆ ಕೂಗು: "ಒಂದನೇ ಸಾಲು!"

"ಹೂಂ!"

ಅಂಕಿ ಕುಸಿಯಿತು. ಭಗೀರಥರು ನೀರು ಕೊಟ್ಟರು. ನಾನು ಒಂದು ಪಂಪು ನಿಲ್ಲಿಸಿದೆ. ಅಂಕಿ ಬಂದು ನಿಂತಿತು.

"ಎರಡು!"

"ಹೂಂ!"

ಚಿಕ್ಕಂದಿನಲ್ಲಿ ಅಪ್ಪ ನನಗೂ ಅಕ್ಕನಿಗೂ ಪದ್ಯ ಹೇಳಿಕೊಡುತ್ತಿದ್ದದ್ದು ಹೀಗೆಯೇ. ಒಂದು ಪಾದ ಅವರು, ಅದೇ ಪಾದ ನಾವು. ನಾವು ಹೇಳಿದ್ದು ಅವರ ಕಿವಿಗೆ ಒಪ್ಪಿ, ಗಾಳಿಯಲ್ಲಿ ಕರಗಿ, ಸದ್ದಡಗಿದ ಮೇಲೆಯೇ ಮುಂದಿನದು. ಅವಸರ ಮಾಡಿದರೆ ಮೊದಲಿನಿಂದ. ಆ ತಾಳ್ಮೆ ನನ್ನ ನಾಲಿಗೆಗಿಂತ ಕಿವಿಯಲ್ಲಿ ಹೆಚ್ಚು ಉಳಿದಿರಬೇಕು. ನಾನು ಅಂಕಿಯನ್ನು ನೋಡುವುದನ್ನೇ ಬಿಟ್ಟೆ. ಅಂಗಳದ ನಾದ ಬಾಗುತ್ತದೆ, ಏಳುತ್ತದೆ, ಸಮಕ್ಕೆ ಬರುತ್ತದೆ, ಬಂದ ಮೇಲೂ ಒಂದು ಉಸಿರು ಕಾಯುತ್ತೇನೆ, ಆಮೇಲೆ ಹೂಂ. ಭಾವ ಒಂದು ಸಾಲಿನಿಂದ ಇನ್ನೊಂದಕ್ಕೆ ಓಡುತ್ತಾ ಚಳಿಯಿಂದ ಬಿಸಿಗೆ, ಬಿಸಿಯಿಂದ ಚಳಿಗೆ ಹಾಯುತ್ತಾ, ಸಾಲಿನ ಸಂಖ್ಯೆ ಕೂಗುತ್ತಾ ಹೋದರು. ನಡುವೆ ಒಮ್ಮೆ, "ನಾದಿನಿ, ನಾನು ಸತ್ರೆ, ಬ್ಯಾಟರಿ ಮುಗಿದು ಸತ್ತ ಅಂತ ನಿನ್ನಕ್ಕನಿಗೆ ಹೇಳು" ಎಂದರು.

"ಸಾಯೋದು ಕೊನೇ ಸಾಲು ಆದ್ಮೇಲೆ ಭಾವ. ಹೂಂ!"

ಈ ಸಲ ಮೇಡಂ ಕೆಮ್ಮಲಿಲ್ಲ. ಮೆಲ್ಲನೆ ನಕ್ಕ ಸದ್ದು ಕೇಳಿಸಿತು.

ಪಂಪುಗಳು ಒಂದೊಂದಾಗಿ ನಿಂತವು. ಬೀದಿದೀಪಗಳು ಆರಿದವು. ಊರಿಗೆ ಇನ್ನೊಂದು ಸಂದೇಶ ಹೋಯಿತು: ಸಾಕು, ಆರಿಸಬಹುದು, ನಿಮ್ಮ ಋಣ ದೊಡ್ಡದು. ಭಾವನ ದನಿ ಕಟ್ಟಿ ಬರೀ ಗಾಳಿಯಾಗಿತ್ತು, ಆದರೂ ಕೊನೆಯ ಸಾಲಿನ ಸಂಖ್ಯೆ ಕೇಳಿಸಿತು. ಹೂಂ ಎಂದೆ. ನಾದ ಬಾಗಿತು. ಎದ್ದಿತು. ನಿಂತಿತು.

ಬಕಾಸುರ ಮತ್ತೆ ಪಂಕ್ತಿಗೆ ಬಂದಿದ್ದ. ಊರಿನಲ್ಲಿ ಒಂದು ಮನೆಯ ದೀಪವೂ ಆರಿರಲಿಲ್ಲ.

ಮೇಡಂ ಮುಂದೆ ಬಂದು ಮೊದಲ ಸಲ ಕುರ್ಚಿಯ ಮೇಲೆ ಕೂತರು.

"ಒಂದು ಗಂಟೆ, ತಡೆಯಿಲ್ಲದೆ. ನಿಯಮ ಹಾಗಿದೆ," ಎಂದರು.

"ಗೊತ್ತು ಮೇಡಂ."

"ತಡೆ ಆಯಿತು."

"ಆಯಿತು."

"ಅವನು ಎಷ್ಟು ತಿಂತಾನೆ ಅಂತ ನೋಡೋಕೆ ನನ್ನ ಕಳಿಸಿದ್ರು. ಎದ್ದು ಹೋದ್ರೆ ಏನಾಗತ್ತೆ ಅಂತ ಕೇಳೋದು ನಮ್ಮ ಕಚೇರಿಯಲ್ಲೂ ಯಾರಿಗೂ ಹೊಳೆದಿರಲಿಲ್ಲ." ಫೋನಿನ ಕಡೆ ಬಾಗಿದರು. "ಅಲ್ಲಿರೋರೇ, ಮೂರು ಮಿಟುಕಿಗೆ ಏಳೋ ಆ ಮರ್ಯಾದೆ ಇದೆಯಲ್ಲ, ಅದನ್ನ ತೆಗೀತೀರಾ?"

"ತೆಗೆದೆ ಮೇಡಂ," ಭಾವ ಏದುಸಿರಿನಲ್ಲೇ ಹೇಳಿದರು. "ಇನ್ನು ಮೇಲೆ ಅವನಿಗೆ ಮರ್ಯಾದೆಯೇ ಇಲ್ಲ. ಸಣ್ಣ ಮಿಟುಕು ಎಷ್ಟಾದ್ರೂ ಕೂತೇ ಇರ್ತಾನೆ. ಏಳಲೇಬೇಕಾದ್ರೆ ನಾದಿನೀನ ಕೇಳಿ, ಒಂದೊಂದೇ ಸಾಲು."

"ಸರಿ. ಈಗಿಂದ ಗಂಟೆ ಎಣಿಸೋಣ. ಇದು ಕೊನೆಯ ಅವಕಾಶ, ನನ್ನ ಜವಾಬ್ದಾರಿ ಮೇಲೆ."

"ಕೊಂಬೆ ಕಡಿಯೋಕೆ ಜನ ಕಳಿಸ್ತೀನಿ," ಎಂದರು ಭಗೀರಥರು.

"ಬೇಡ," ಎಂದರು ಮೇಡಂ. "ನಾಳೆ ಕಡೀರಿ. ಇವತ್ತು ಅದೂ ಪರೀಕ್ಷೆಗೆ ಇರಲಿ."

ಅಂಥ ಒಂದು ಗಂಟೆಯನ್ನು ನಾನು ಮತ್ತೆ ಕಾಣಲಾರೆ. ಗುಡ್ಡದ ಮೇಲಿನ ಗಾಳಿಯನ್ನು ಇಲ್ಲಿ ಕೂತು ಕೇಳಲು ಯತ್ನಿಸಿದೆ. ದೀಪ ಮಿಟುಕಿತು. ಮತ್ತೆ ಮಿಟುಕಿತು. ಭಾವ ಅತ್ತ ಯಾವುದೋ ಸ್ತೋತ್ರವನ್ನು ತಪ್ಪುತಪ್ಪಾಗಿ ಗುನುಗುತ್ತಿದ್ದರು. ಮೂರನೆಯ ಮಿಟುಕು. ಎಲ್ಲರೂ ಪರದೆಯ ಕಡೆ ವಾಲಿದೆವು. ಗೆರೆ ಕದಲಲಿಲ್ಲ. ನಾಲ್ಕನೆಯದಾಯಿತು. ಬಕಾಸುರ ತಲೆಯೆತ್ತದೆ ಉಣ್ಣುತ್ತಲೇ ಇದ್ದ. ಎಂಥ ಚೆಂದ ಅವನು ಉಣ್ಣುತ್ತಿದ್ದ! ಎಲ್ಲೆಲ್ಲಿಯವರೋ ಕೇಳಿದ ಪ್ರಶ್ನೆಗಳು, ಅವುಗಳ ಉತ್ತರಗಳು, ಅದಕ್ಕಾಗಿ ಗುಡ್ಡದಿಂದ ಧುಮುಕುವ ನೀರು, ನಮ್ಮ ತಲೆಯ ಮೇಲೆ ಸದ್ದಿಲ್ಲದೆ ಹಾದುಹೋಗುವ ಶಕ್ತಿ, ಎಲ್ಲವೂ ಆ ಒಂದು ಗುಂಯ್‌ಕಾರದಲ್ಲಿತ್ತು.

ಮೇಡಂ ಗಡಿಯಾರ ನೋಡಿದರು. ಎದ್ದರು. ಸೀರೆಯ ನೆರಿಗೆ ಸರಿಮಾಡಿಕೊಂಡರು.

"ಇರಲಿ ಇಲ್ಲೇ," ಎಂದರು. "ಆದರೆ ಒಂದು ಮಾತು. ಭಾವ ನಾದಿನಿ ಜಗಳ ಆಡಿ ಮಾತು ಬಿಟ್ರೆ ಊರಿಗೆ ಕತ್ತಲೆ. ನೆನಪಿರಲಿ."

ಆ ಕಡೆಯಿಂದ ಭಾವ ಹೋ ಎಂದು ಕೂಗಿದ್ದು ಸ್ಪೀಕರಿನಲ್ಲಿ ಒಡೆದು ಕೇಳಿಸಿತು. "ನಿನ್ನಕ್ಕನಿಗೆ ನಾನು ಹೇಳ್ತೀನಿ!"

"ಬೇಡ ಭಾವ, ದಮ್ಮಯ್ಯ, ನಾನೇ ಹೇಳ್ತೀನಿ."

ಅಕ್ಕ ಒಂದೇ ರಿಂಗಿಗೆ ಎತ್ತಿಕೊಂಡಳು.

"ಅಕ್ಕ," ಎಂದೆ. "ಲಾರಿ ಬರಲ್ಲ."

ಮೂಗೆಳೆದುಕೊಂಡ ಸದ್ದು. ಆಮೇಲೆ ತೀರಾ ಕೆಲಸದ ದನಿಯಲ್ಲಿ, "ಹಾಗಾದ್ರೆ ಗ್ಯಾರಂಟಿ ತಾನೇ? ನಡುಮನೆ ಗೋಡೆಗೆ ಮೊಳೆ ಹೊಡೀಲಾ? ಬಂದಾಗಿಂದ ಕನ್ನಡಿ ನೆಲದ ಮೇಲೇ ಒರಗಿಸಿಟ್ಟಿದೀನಿ. ಬಗ್ಗಿ ಬಗ್ಗಿ ತಲೆ ಬಾಚಿ ಸೊಂಟ ಬಿದ್ದುಹೋಯ್ತು."

"ಹೊಡಿ ಅಕ್ಕ."

ಅವಳು ಫೋನನ್ನು ಎಲ್ಲೋ ಇಟ್ಟಳು. ಪಕ್ಕದ ಮನೆಯವರನ್ನು ಹೆಸರು ಹಿಡಿದು ಕರೆದು ಸುತ್ತಿಗೆ ಕೇಳಿದಳು. ಅವರು ಗೋಡೆಯಾಚೆಯಿಂದ ಏನೋ ಅಂದರು, ಇವಳು ಏನೋ ಅಂದಳು, ಇಬ್ಬರೂ ನಕ್ಕರು. ಸ್ವಲ್ಪ ಹೊತ್ತಿಗೆ ಠಣ್ ಎಂದು ಮೊದಲನೇ ಪೆಟ್ಟು ಬಿತ್ತು, ಗಾರೆ ಉದುರಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಅವಳು ಮೊಳೆ ಹೊಡೆದು ಮುಗಿಸುವ ತನಕ ಕೇಳುತ್ತಾ ಕೂತೆ.